ಮಾಸ್ತರರ ನಖರಾ

ಡಬ್ಬಿಯ ಪಕ್ಕದ ತಗಡು ಬಿಚ್ಚಿದೊಡನೆ ವಿಭೂತಿಯ ವಾಸನೆ ಬಂತು. ಹಳೇ ಕಂಪ್ಯೂಟರಿನೊಳಗೆ ಧೂಳು ಇರುತ್ತದೆ, ಜೇಡ ಇರುತ್ತದೆ, ಒಮ್ಮೆ ಹಲ್ಲಿಯ ಮೊಟ್ಟೆಯನ್ನೂ ಕಂಡಿದ್ದೇನೆ. ವಿಭೂತಿ ಇರುವುದು ಮಾತ್ರ ಒಬ್ಬರ ಮಷೀನಿನಲ್ಲೇ. ಎದುರು ಕುರ್ಚಿಯಲ್ಲಿ ಕೂತಿದ್ದ ವಯಸ್ಸಾದ ಹೆಣ್ಣುಮಗಳನ್ನು ಆಗ ಸರಿಯಾಗಿ ನೋಡಿದೆ. ಶಹಾಪುರದಲ್ಲಿ ನನಗೆ ಟೈಪಿಂಗ್ ಕಲಿಸಿದ ಮಾಸ್ತರರ ಹೆಂಡತಿ! ಹಣೆ ಬೋಳಾಗಿತ್ತು. ಮಾಸ್ತರರು ಹೋಗಿ ವರ್ಷವಾಗುತ್ತ ಬಂತಂತೆ... ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮಣ್ಣಿಗೆ ಹೋಗುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಅವರಿಗೆ ನನ್ನ ಗುರುತು ಸಿಗಲಿಲ್ಲ. ಹೇಗೆ ಸಿಕ್ಕೀತು? ನಾವು ಕಲಿಯುವಾಗ ಅವರು ಒಳಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಸುರಪುರದಲ್ಲಿ ಕಚೇರಿಗಳ ಎದುರು ನನ್ನ ಅಂಗಡಿ. ಅರ್ಜಿ ಟೈಪ್ ಮಾಡುತ್ತೇನೆ, ಝೆರಾಕ್ಸ್ ತೆಗೆಯುತ್ತೇನೆ, ಕೆಟ್ಟ ಕಂಪ್ಯೂಟರು ರಿಪೇರಿ ಮಾಡುತ್ತೇನೆ. ಅವರ ಮಗಳ ಮನೆ ಇದೇ ಊರಲ್ಲಿದೆ, ಮೊಮ್ಮಗಳು ಟೈಪಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ, ಅದಕ್ಕೇ ಗಂಡನ ಕಂಪ್ಯೂಟರನ್ನು ಅವರದೇ ಧೋತರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದರು. ಇದರ ಮೇಲೆ ಹುಡುಗಿ ಕಲಿಯಬಹುದೇ, ಅಷ್ಟು ನೋಡಿ ಹೇಳಬೇಕಿತ್ತು.

ಮಾಸ್ತರರು ಮೊದಲು ಟೈಪ್‌ರೈಟರ್ ಕಲಿಸುತ್ತಿದ್ದವರು. ಕಾಲ ಬದಲಾದಾಗ ಯಾವುದೋ ಬ್ಯಾಂಕು ಬೇಡವೆಂದು ತೆಗೆದ ಕಂಪ್ಯೂಟರುಗಳನ್ನು ತಂದು ಸಾಲಾಗಿ ಇಟ್ಟರು. ಸೋಮವಾರ ಬಂದರೆ ಪ್ರತಿ ಡಬ್ಬಿಗೂ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಅದನ್ನೂ ಎಲ್ಲಿ, ಗಾಳಿ ಒಳಗೆ ಹೋಗುವ ತೂತುಗಳ ಮೇಲೇ! ಫ್ಯಾನು ತಿರುಗಿದಂತೆಲ್ಲ ಬೂದಿ ಒಳಗೆ. ಬೇಡ ಸರ್ ಎಂದರೆ, ದೇವರು ಒಳಗೆ ಹೋದರೆ ಕೆಡುಕೇನು ಎಂದು ನಮ್ಮನ್ನೇ ಕೇಳುತ್ತಿದ್ದರು. ಆ ಕಾಲಕ್ಕೆ ಅವರ ಮೇಲೆ ನನಗೆ ಎಷ್ಟು ಅಭಿಮಾನವಿತ್ತೆಂದರೆ, ನಮ್ಮೂರು ಸಗರದಿಂದ ಟಂಟಂ ಆಟೋದಲ್ಲಿ ಮೂಲೆಗೆ ಒತ್ತಿಕೊಂಡು ಬರುವಾಗಲೂ ತೊಡೆಯ ಮೇಲೆ ಬೆರಳಾಡಿಸುತ್ತ ಪಾಠ ಹೊಡೆಯುತ್ತಿದ್ದೆ.

ಅವರ ಮೊದಲ ಪಾಠವೇ ನಖರಾ ಬಂದ್ ಮಾಡುವುದು. ವಿಂಡೋ ತೆರೆದಾಗ ಮೆಲ್ಲಗೆ ಉಬ್ಬಿ ಬರುವುದು, ಮುಚ್ಚಿದಾಗ ಕರಗಿಹೋಗುವುದು, ಅಂಚು ಗಾಜಿನಂತೆ ಹೊಳೆಯುವುದು, ನೆರಳು, ಮಸುಕು... ಈ ಎಲ್ಲ ಸೊಗಸಿಗೆ ಅವರಿಟ್ಟ ಹೆಸರು ನಖರಾ, ಎಂದರೆ ವಯ್ಯಾರ. ಹೊಸ ಹುಡುಗಿ ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಮೊದಲು ಸೆಟ್ಟಿಂಗಿಗೆ ಹೋಗಿ ಅದನ್ನೆಲ್ಲ ತೆಗೆಸುತ್ತಿದ್ದರು. ಈ ಮಷೀನುಗಳಿಗೆ ಚಿತ್ರ ಬಿಡಿಸುವ ಕಾರ್ಡು ಬೇರೆ ಇಲ್ಲ, ಆ ಕೆಲಸವೂ ಬೋರ್ಡಿನೊಳಗೇ ಸೇರಿಕೊಂಡಿದೆ, ಅದಕ್ಕೆ ಸ್ವಂತ ಮೆಮರಿ ಎಂಬುದಿಲ್ಲ, ಎಲ್ಲರೂ ಉಣ್ಣುವ ಬುಟ್ಟಿಯಿಂದಲೇ ಅದೂ ರೊಟ್ಟಿ ಎತ್ತಬೇಕು ಎಂದು ತಿಳಿಸಿ ಹೇಳುತ್ತಿದ್ದರು. ನಖರಾಕ್ಕೆ ಹಾಕಿದಷ್ಟೂ ಬರವಣಿಗೆಗೆ ಕಡಿಮೆ. ನಮ್ಮ ಪರದೆಗಳು ಮಕ್ಕಳು ಬರೆಯುವ ಪಾಟಿಯಂತೆ ಬೋಳಾಗಿದ್ದವು, ಅಕ್ಷರ ಮಾತ್ರ ಬೆರಳಿನ ಹಿಂದೆಯೇ ಬಂದು ಬೀಳುತ್ತಿತ್ತು.

ಒಂದು ಕಚೇರಿಗೆ ಟೈಪಿಸ್ಟರು ಬೇಕೆಂದು ಕರೆದಾಗ, ನಮ್ಮ ಕಡೆಯವರ ಪರೀಕ್ಷೆ ಮಾಸ್ತರರ ಕ್ಲಾಸಿನಲ್ಲೇ ಎಂದು ಗೊತ್ತಾಯಿತು. ನನಗಾಗ ಅದೊಂದೇ ದಾರಿ. ಗೋಗಿ ಊರಿನ ಗಂಡಿನ ಕಡೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು. ನೌಕರಿ ಹತ್ತಿದರೆ ಲಗ್ನದ ಮಾತು ಮುಂದಕ್ಕೆ ಹಾಕುತ್ತೇನೆ, ಡಿಗ್ರಿ ಮುಗಿಸುವೆಯಂತೆ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದ. ನನಗಿಂತ ಚುರುಕಾಗಿ ಹೊಡೆಯುವವರು ಆ ಕ್ಲಾಸಿನಲ್ಲಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮಾಸ್ತರರೇ ಹೇಳುತ್ತಿದ್ದರು.

ಹಿಂದಿನ ದಿನ ಪರೀಕ್ಷೆ ನಡೆಸುವ ಸೂಪರ್‌ವೈಜರ್ ಯಾದಗಿರಿಯಿಂದ ಮಷೀನು ನೋಡಲು ಬಂದ. ಬೋಳು ಪರದೆ ಕಂಡವನೇ ಮೂಗು ಮುರಿದ. ಇವೇನು ನಿಜಾಮನ ಕಾಲದ ಡಬ್ಬಿಗಳೇ, ನಮ್ಮಲ್ಲಿ ಒಂದೊಂದು ವಿಂಡೋ ಹೇಗೆ ಹೊಳೆಯುತ್ತದೆ ಗೊತ್ತೇ ಎಂದು ಎಲ್ಲರೆದುರು ಅಂದುಬಿಟ್ಟ. ಮಾಸ್ತರರ ಮುಖ ಕೆಂಪಾಯಿತು. ನಿಮ್ಮಲ್ಲಿಯವು ಏನು ಮಾಡುತ್ತವೋ ಇವೂ ಅದನ್ನೇ ಮಾಡುತ್ತವೆ ಎಂದರು. ಅವನು ಹೋದ ಮೇಲೆ ತಾವೇ ಕೂತು ಎಲ್ಲ ಮಷೀನುಗಳಲ್ಲೂ ನಖರಾ ಚಾಲೂ ಮಾಡಿದರು. ನಡೆಯಿತು ಕೂಡ! ಆಗ ಇದ್ದದ್ದು ಒಂದೇ ವಿಂಡೋ, ಮತ್ತೇನೂ ಕೆಲಸವಿಲ್ಲ, ನಡೆಯದೇನು? ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅಷ್ಟು ಖುಷಿಯಾಗಿ ಅವರನ್ನು ನಾನು ಕಂಡಿರಲೇ ಇಲ್ಲ...

ಮರುದಿನ ಪರೀಕ್ಷೆಯ ಪ್ರೋಗ್ರಾಮು, ಕನ್ನಡ ಟೈಪಿಂಗಿನದು, ಪ್ರಶ್ನೆಯ ಹಾಳೆ ಎಲ್ಲ ಒಟ್ಟಿಗೆ ತೆರೆದವು. ಹೊರಗೆ ಸುಡುಬಿಸಿಲು, ಒಳಗೆ ಫ್ಯಾನುಗಳು ಬೂದಿ ಅಗಿಯುತ್ತ ಏದುಸಿರು ಬಿಡುತ್ತಿದ್ದವು. ನಾನು ಒತ್ತಿದ ಅಕ್ಷರ ನಾನು ಮುಂದಿನ ಪದಕ್ಕೆ ಹೋದ ಮೇಲೆ ಮೂಡುತ್ತಿತ್ತು. ಬೀಳಲಿಲ್ಲವೆಂದು ಇನ್ನೊಮ್ಮೆ ಒತ್ತಿದರೆ ಎರಡೂ ಒಟ್ಟಿಗೆ ಬೀಳುತ್ತಿದ್ದವು. ಅಳಿಸಿದರೆ ಬೇಕಾದದ್ದೂ ಹೋಗುತ್ತಿತ್ತು. ಸೆಟ್ಟಿಂಗ್ ಮುಟ್ಟಿದವರನ್ನು ಹೊರಗೆ ಕಳಿಸುತ್ತೇನೆಂದು ಸೂಪರ್‌ವೈಜರ್ ಮೊದಲೇ ಹೇಳಿದ್ದ. ಅದಕ್ಕೇ ಕೈ ಎತ್ತಿ ಮಾಸ್ತರರನ್ನು ಕೇಳಿದೆ, ನಮ್ಮ ಕ್ಲಾಸಿನ ಮಾತಿನಲ್ಲೇ.

“ಸರ್, ನಖರಾ ಬಂದ್ ಮಾಡ್ಲೇನ್ರಿ?”

ಸೂಪರ್‌ವೈಜರ್ ನಕ್ಕ. ಮಾಸ್ತರರು ಅವನ ಮುಖ ನೋಡಿದರು, ಆಮೇಲೆ ನನ್ನ ಮುಖ.

“ಮೊದ್ಲ ನಿನ್ನ ನಖರಾ ಬಂದ್ ಮಾಡು. ಇದ್ದಂಗ ಹೊಡಿ.”

ಇಡೀ ಕೋಣೆ ಗೊಳ್ಳೆಂದಿತು. ಲಗ್ನದ ವಯಸ್ಸಿನ ಹುಡುಗಿಗೆ ನಾಲ್ಕು ಗಂಡಸರ ಎದುರು ನಖರಾ ಮಾಡಬೇಡ ಎಂದರೆ ನಮ್ಮ ಕಡೆ ಅದರ ಅರ್ಥವೇನೆಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಲೆ ಬಗ್ಗಿಸಿ ಹೊಡೆದೆ, ಕಣ್ಣೀರಿಗೆ ಪರದೆ ಇನ್ನಷ್ಟು ಮಸುಕಾಯಿತು. ಆ ಕೋಣೆಯಲ್ಲಿ ಕೂತವರಲ್ಲಿ ಒಬ್ಬರಿಗೂ ನೌಕರಿ ಹತ್ತಲಿಲ್ಲ. ಮುಂದಿನ ಲಗ್ನದ ಹಂಗಾಮಿಗೆ ನಾನು ಗೋಗಿಯ ಸೊಸೆ. ಗಂಡ ಕೆಟ್ಟವನಲ್ಲ, ಮುಂದೆ ಸುರಪುರದಲ್ಲಿ ಅಂಗಡಿ ಇಡುವುದಕ್ಕೂ ಅಡ್ಡ ಬರಲಿಲ್ಲ. ಆದರೆ ಡಿಗ್ರಿ ಅಲ್ಲಿಗೇ ನಿಂತಿತು, ಇಂದಿಗೂ ಯಾರಾದರೂ ಎಲ್ಲಿಯವರೆಗೆ ಓದಿದ್ದೀರಿ ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಮಾಸ್ತರರು ತಪ್ಪಾಯಿತೆಂದು ಒಂದು ಮಾತು ಹೇಳಿ ಕಳಿಸಲಿಲ್ಲ. ನಾನೂ ಶಹಾಪುರದ ಆ ಓಣಿಗೆ ಮತ್ತೆ ಕಾಲಿಡಲಿಲ್ಲ.

ಬೂದಿಯನ್ನೆಲ್ಲ ಬ್ರಷ್ಷಿನಿಂದ ಕೆರೆದು ತೆಗೆದು ಮಷೀನು ಚಾಲೂ ಮಾಡಿದೆ. ಪರದೆ ಬೆಳಗಿತು, ವಿಂಡೋ ಮೆಲ್ಲಗೆ ಉಬ್ಬಿ ಬಂತು. ಅಂಚಿನಲ್ಲಿ ಗಾಜಿನ ಹೊಳಪು, ಕೆಳಗೆ ನೆರಳು. ಬೇರೆಯವರಿಗೆಲ್ಲ ಬಂದ್ ಮಾಡಿಸಿದವರ ಸ್ವಂತ ಮಷೀನಿನಲ್ಲಿ ಒಂದೂ ಬಿಡದೆ ಎಲ್ಲವೂ ಚಾಲೂ ಇದ್ದವು.

ಎದುರು ಕುರ್ಚಿಯ ಅಮ್ಮ ಪರದೆ ನೋಡುತ್ತ ಹೇಳಿದರು, “ದಿನಾ ಸಂಜಿಮುಂದ ಇದ್ರ ಮುಂದ ಕುಂದರತಿದ್ರವ್ವಾ. ಇದನ್ನ ತೆಗಿಯೋದು, ಮುಚ್ಚೋದು. ಸಗರದಾಕಿ ಒಬ್ಬಾಕಿ ಇದ್ಳಂತ. ನೋಡು, ಹೆಂಗ ನಡೀತದ, ಆಕಿನೇ ಸುಳ್ಳ ನಖರಾ ಮಾಡಿದ್ಳು ಅಂತಿದ್ರು.”

ಇಷ್ಟು ವರ್ಷ ನಾನು ಅವರನ್ನು ಬಯ್ದುಕೊಳ್ಳುತ್ತಿದ್ದರೆ, ಅವರು ಅಲ್ಲಿ ಕೂತು ನನ್ನ ಜೊತೆ ವಾದ ಹೂಡುತ್ತಿದ್ದರೇ? ಗೆದ್ದೆನೆಂದು ನಂಬಿಕೊಂಡೇ ಹೋದರೇ... ಅಮ್ಮ ಕೇಳಿದರು, ಅಂಜುತ್ತ ಕೇಳಿದಂತಿತ್ತು.

“ಖರೇನ ನಡೀತದೇನವ್ವಾ?”

ಪರೀಕ್ಷೆಯ ದಿನದಂತೆ ಪ್ರೋಗ್ರಾಮುಗಳನ್ನು ಒಟ್ಟಿಗೆ ತೆರೆದು, ಮಾಸ್ತರರು ಕಲಿಸಿದ ವೇಗದಲ್ಲೇ ಒಂದು ಸಾಲು ಹೊಡೆದೆ. ಬೆರಳು ನಿಂತ ಮೇಲೂ ಅಕ್ಷರಗಳು ಒಂದೊಂದಾಗಿ ಬರುತ್ತಲೇ ಇದ್ದವು. ಅಮ್ಮನೂ ನೋಡಿದರು.

“ನೋಡಾಕ ನಡೀತದ್ರಿ ಅಮ್ಮಾರ. ಬರಿಯಾಕ ನಡಿಯಂಗಿಲ್ಲ.”

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ನಾನು ಸೆಟ್ಟಿಂಗಿಗೆ ಹೋಗಿ ನಖರಾ ಒಂದೊಂದನ್ನೇ ತೆಗೆದೆ. ನೆರಳು ಹೋಯಿತು, ಗಾಜು ಹೋಯಿತು, ಪರದೆ ಪಾಟಿಯಂತೆ ಬೋಳಾಯಿತು. ಅದೇ ಸಾಲನ್ನು ಮತ್ತೆ ಹೊಡೆದಾಗ ಅಕ್ಷರ ಬೆರಳಿನ ಹಿಂದೆಯೇ ಬಂದು ಬಿತ್ತು. ಮೊಮ್ಮಗಳು ಕಲಿಯಲಿ, ಏನೂ ತೊಂದರೆಯಿಲ್ಲ ಎಂದು ಹೇಳಿ ಧೋತರದಲ್ಲಿ ಸುತ್ತಿ ಕೊಟ್ಟೆ.

ಸಗರದಾಕಿ ನಾನೇ ಎಂದು ಹೇಳಲಿಲ್ಲ. ಆ ಮುದುಕಿಯೊಡನೆ ನನಗೇನು ಜಗಳ? ಜಗಳವಿದ್ದದ್ದು ಮಾಸ್ತರರ ಸಂಗಡ. ಆ ಎರಡು ಸಾಲುಗಳನ್ನು ನೋಡಲು ಇವತ್ತು ಆ ಕುರ್ಚಿಯಲ್ಲಿ ಅವರು ಬಂದು ಕೂರಬೇಕಿತ್ತು.