ಮೂರು ಮೂಲೆಯ ಕಾಳು

ಅವರ ಎಡಗೈ ತುಂಬ ಕೂದಲು. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಕೂಸಿನ ಕೈಯ ಹಾಗೆ ನುಣ್ಣಗೆ. ಮೂವತ್ತು ವರ್ಷ ದೊಡ್ಡ ಒಲೆಯ ಉರಿಯ ಮೇಲೆ ಸೌಟು ತಿರುವಿದ ಕೈ ಅದು. ಕೂದಲು ಮೊಳೆಯುವುದಕ್ಕೂ ಬೆಂಕಿ ಸುಡುವುದಕ್ಕೂ ಪೈಪೋಟಿ ನಡೆದು ಕೊನೆಗೆ ಕೂದಲೇ ಸೋಲೊಪ್ಪಿಕೊಂಡಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾಗಪುರದ ಲಕ್ಷ್ಮೀ ನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಒಂದು ಗೆಸ್ಟ್ ಹೌಸ್ ಇತ್ತು. ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಯಂತ್ರ ಬಿಚ್ಚಿ ಜೋಡಿಸಲು ಬರುವ ಎಂಜಿನಿಯರುಗಳನ್ನು ಒಂದು ಗುತ್ತಿಗೆ ಕಂಪನಿ ಅಲ್ಲಿ ಇಳಿಸುತ್ತಿತ್ತು. ಅಲ್ಲಿಯ ಅಡುಗೆಯವರು ಗದಗಿನ ಕಡೆಯವರು. ಅಪ್ಪನಿಗೆ ಸಿವಿಲ್ ಲೈನ್ಸಿನ ಬ್ಯಾಂಕಿಗೆ ವರ್ಗವಾಗಿ ನಾವು ಬಂದ ಹೊಸತರಲ್ಲಿ ಇಡೀ ಓಣಿಯಲ್ಲಿ ಕನ್ನಡ ಕೇಳಿಸಿದ್ದು ಆ ಅಡುಗೆಮನೆಯ ಕಿಟಕಿಯಿಂದ ಮಾತ್ರ: ಅವರು ಗ್ಯಾಸ್ ಸಿಲಿಂಡರಿಗೆ ಬೈಯುತ್ತಿದ್ದರು. ಅಂದಿನಿಂದ ಅವರು ನಮ್ಮ ಮನೆಗೆ ಕಾಕಾ. ಅವರಿಗೆ ನಾನು ವಕೀಲವ್ವ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ತರುತ್ತಿದ್ದೆನಾದ್ದರಿಂದ ಆ ಬಿರುದಿನಿಂದ ನನಗೆ ಬೇಜಾರೇನೂ ಆಗಿರಲಿಲ್ಲ.

ಕಾಕಾ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಮುಚ್ಚಳ ಸರಿಸಿ, ಆವಿಗೆ ಮೂಗೊಡ್ಡಿ, ಕಣ್ಣು ಮುಚ್ಚಿಕೊಂಡು, "ಉಪ್ಪ ಇನ್ನಷ್ಟ ಬೇಡಾಕತ್ತೈತಿ" ಎನ್ನುತ್ತಿದ್ದರು. ಉಪ್ಪಿಗೆ ವಾಸನೆಯೇ ಇಲ್ಲ, ಇದು ಸಾಧ್ಯವೇ ಇಲ್ಲ ಎಂದು ನಾನು ವಿಜ್ಞಾನ ಸಮೇತ ವಾದಿಸಿದೆ. ನಾಲ್ಕು ಸಲ ಪರೀಕ್ಷೆ ಇಟ್ಟೆ. ನಾಲ್ಕೂ ಸಲ ಅವರದೇ ಸರಿ. ನಾಲ್ಕು ಸಾಲದು, ಇನ್ನೂ ಬೇಕು ಎಂದೆ. ಸಾರು ಆರುತ್ತದೆ ಎಂದು ಅವರು ಐದನೆಯದಕ್ಕೆ ಒಪ್ಪಲಿಲ್ಲ. ಆ ವಿಷಯ ನನ್ನ ಮಟ್ಟಿಗೆ ಇನ್ನೂ ತೀರ್ಮಾನವಾಗಿಲ್ಲ.

ಎರಡನೆಯ ವರ್ಷದಲ್ಲಿ ನನಗೆ ಸಿಕ್ಕ ಚರ್ಚೆಯ ವಿಷಯ: ಸಸ್ಯಾಹಾರ ಭಾರತವು ಜಗತ್ತಿಗೆ ಕೊಟ್ಟ ಕೊಡುಗೆ. ನಾನು ವಿರೋಧ ಪಕ್ಷ. ಕಾಕಾ ಕಣಕ ನಾದುತ್ತಿದ್ದಾಗ ಎದುರು ನಿಂತು ಪೂರ್ತಿ ಭಾಷಣ ಒಪ್ಪಿಸಿದೆ. ರೇಖಾಗಣಿತದ ಪ್ರಮೇಯಕ್ಕೆ ಹೆಸರು ಕೊಟ್ಟ ಆ ಗ್ರೀಕ ಎರಡೂವರೆ ಸಾವಿರ ವರ್ಷದ ಹಿಂದೆಯೇ ಶಿಷ್ಯರಿಗೆ ಮಾಂಸ ಬಿಡಿಸಿದ್ದನಂತೆ. ಯುರೋಪಿನಲ್ಲಿ ಮಾಂಸ ಬಿಟ್ಟವರನ್ನು ಬಹುಕಾಲ ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಇಥಿಯೋಪಿಯದ ಕ್ರೈಸ್ತರು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದಿನ ಮಾಂಸ, ಹಾಲು ಮುಟ್ಟುವುದಿಲ್ಲ. ಚೀನಾ, ಜಪಾನಿನ ಭಿಕ್ಷುಗಳ ಸುದ್ದಿ ಎತ್ತಿದರೆ ಎದುರಾಳಿ ತಟ್ಟನೆ ಬುದ್ಧ ನಮ್ಮವನು ಎನ್ನುತ್ತಾನೆ, ಹಾಗಾಗಿ ಅವರನ್ನು ಜಾಣತನದಿಂದ ಬಿಟ್ಟಿದ್ದೆ. ಕೊನೆಯ ಬಾಣ: ನಮ್ಮ ದೇಶದಲ್ಲಿ ಹೆಚ್ಚಿನವರು ತಿನ್ನುವವರೇ, ತಿನ್ನದವರು ತಮ್ಮ ತಟ್ಟೆಯನ್ನು ಮೇಲಿನ ತಟ್ಟೆ ಎಂದು ತಾವೇ ಸಾರಿಕೊಂಡವರು.

ಕಾಕಾ ಕಣಕಕ್ಕೆ ಒದ್ದೆ ಬಟ್ಟೆ ಮುಚ್ಚಿದರು. "ಎಲ್ಲಾ ಬರೋಬರ್. ಅವರು ಏನ ತಿಂತಿದ್ರು, ಅದನ್ನ ಹೇಳು."

ಯಾರು ಬಿಟ್ಟರು, ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಲ್ಲ ಬರೆದುಕೊಂಡಿದ್ದೆ. ಬಿಟ್ಟ ಮೇಲೆ ಮಧ್ಯಾಹ್ನ ತಟ್ಟೆಗೆ ಏನು ಬಿತ್ತು ಎಂದು ಹುಡುಕಿರಲೇ ಇಲ್ಲ. ಆ ಗ್ರೀಕ ಅವರೆಯಂಥ ಕಾಳನ್ನೂ ನಿಷೇಧಿಸಿದ್ದನಂತೆ ಎಂದು ನೆನಪಾದದ್ದನ್ನು ಹೇಳಿದೆ. ಕಾಕಾಗೆ ನಿಜವಾಗಿಯೂ ಸಿಟ್ಟು ಬಂತು. ಕಾಳಿಲ್ಲದೆ ಅದೆಂಥ ಸಸ್ಯಾಹಾರ, ಅವನಿಗೆ ಹೊಟ್ಟೆಯುಬ್ಬರ ಇದ್ದಿರಬೇಕು, ತನ್ನ ಹೊಟ್ಟೆಗಾಗಿ ಊರಿನ ಹೊಟ್ಟೆ ಕಟ್ಟಿದ ಎಂದು ಸಂಜೆಯವರೆಗೂ ಗೊಣಗಿದರು.

ಆ ಮಳೆಗಾಲದಲ್ಲೇ ರಷ್ಯಾದಿಂದ ಆರು ಎಂಜಿನಿಯರುಗಳು ಬಂದು ಇಳಿದರು. ಎರಡು ತಿಂಗಳ ಕೆಲಸ. ಕಾಕಾನ ಅಡುಗೆಯಲ್ಲಿ ಮಾಂಸವಿರುತ್ತಿರಲಿಲ್ಲ; ಮೊದಲ ವಾರವೇ ತಟ್ಟೆಗಳು ಅರ್ಧಕ್ಕರ್ಧ ಹಾಗೇ ವಾಪಸು ಬಂದವು. ಮ್ಯಾನೇಜರು ಕೆಟ್ಟವರಲ್ಲ, ಆದರೆ ಅವರ ಮೇಲೂ ಒಬ್ಬರಿದ್ದರಲ್ಲ. ತಿಂಗಳ ಕೊನೆಯೊಳಗೆ ಕೋಳಿ ಮಾಡುವುದನ್ನು ಕಲಿಯಿರಿ, ಇಲ್ಲವಾದರೆ ಅಡುಗೆಯನ್ನು ಹೊರಗಿನ ಹೋಟೆಲಿಗೆ ಒಪ್ಪಿಸುತ್ತೇವೆ ಎಂದು ಕಾಕಾಗೆ ಹೇಳಿದರು. ಅಡುಗೆಮನೆ ಹೋದರೆ ಅದರ ಹಿಂದಿನ ಖೋಲಿಯೂ ಹೋಗುತ್ತದೆ. ಕಾಕಾ ಒಂಟಿ, ವಯಸ್ಸು ಐವತ್ತಾರು, ಆ ಖೋಲಿ ಬಿಟ್ಟರೆ ಅವರಿಗೆ ಬೇರೆ ಮನೆ ಇರಲಿಲ್ಲ.

ಇಂಥ ಹೊತ್ತಿನಲ್ಲೂ ನಾನು ಸುಮ್ಮನಿರಲಿಲ್ಲ. ಇದು ಮಡಿಯ ಅಹಂಕಾರ, ಕೆಲಸಕ್ಕಿಂತ ದೊಡ್ಡದೇನು ಎಂದು ಮುಖದ ಮೇಲೆ ಕೇಳಿದೆ. ಅದಕ್ಕೆ ಅವರು ಕೊಡಬಹುದಾದ ಪ್ರತಿಯೊಂದು ಉತ್ತರಕ್ಕೂ ನನ್ನ ಹತ್ತಿರ ಮರುಉತ್ತರ ಸಿದ್ಧವಿತ್ತು, ಅವರು ಕೊಟ್ಟ ಒಂದನ್ನು ಬಿಟ್ಟು.

"ಅದರ ವಾಸನಿ ನನಗ ತಿಳಿಯಂಗಿಲ್ಲ ತಂಗಿ. ಬೆಂದೈತೋ, ಕೆಟ್ಟೈತೋ ಹೆಂಗ ಗೊತ್ತಾಗಬೇಕು? ತನಗ ತಿಳೀದ ಅಡಿಗಿ ಮಂದಿಗೆ ಬಡಿಸಬಾರದು."

ತಿಂಗಳು ಮುಗಿಯಲು ಐದು ದಿನ ಇರುವಾಗ ಆಷಾಢದ ಏಕಾದಶಿ ಬಂತು. ನಾಗಪುರದಲ್ಲಿ ಅಂದು ಪಂಢರಪುರದ ವಿಠ್ಠಲನ ಹೆಸರಿನಲ್ಲಿ ಮನೆಮನೆಯಲ್ಲೂ ಉಪವಾಸ. ಕಾಕಾನ ಒಲೆಗೂ ಉಪವಾಸ: ಅಂದು ಅಕ್ಕಿ, ಗೋಧಿ, ಬೇಳೆ ಅದರ ಮೇಲೆ ಏರುವಂತಿಲ್ಲ. ಇವತ್ತು ಒಂದು ದಿನ ಪೂರಿ ಭಾಜಿ ಮಾಡಿ ಹಾಕಿ, ಅದನ್ನಾದರೂ ಅವರು ತಿನ್ನುತ್ತಾರೆ, ನಿಮ್ಮ ಖೋಲಿಯ ಪ್ರಶ್ನೆ ಇದು ಎಂದು ನಾನು ಗೋಗರೆದೆ. ಅವರು ಆಗಲೇ ಇತವಾರಿ ಪೇಟೆಗೆ ಹೋಗಿ ಬಂದಿದ್ದರು. ಉಪವಾಸದ ಥಾಲಿಪೀಠಕ್ಕೆ ಬೇಕಾದ, ಕೆರೆಯಲ್ಲಿ ಬೆಳೆಯುವ ಕಾಯಿಯಿಂದ ಮಾಡುವ ಸಿಂಗಾಡೆ ಹಿಟ್ಟು ಅಲ್ಲಿ ಖಾಲಿಯಾಗಿತ್ತಂತೆ. ಹಿಂದಿ ಸೀಮೆಯ ಅಂಗಡಿಕಾರ, ನಮ್ಮ ಕಡೆ ಉಪವಾಸಕ್ಕೆ ಇದೇ ನಡೆಯುತ್ತದೆ ಎಂದು 'ಕುಟ್ಟೂ' ಎಂಬ ಕಾಳು ಕೊಟ್ಟಿದ್ದ. ಕಾಕಾ ಅದನ್ನು ಅಂದೇ ಮೊದಲು ಕಂಡದ್ದು. ಗಿರಣಿಯಲ್ಲಿ ಅರ್ಧ ಬೀಸಿಸಿ, ಬೇಯಿಸಿದ ಆಲೂಗಡ್ಡೆ ಹಿಸುಕಿ ಹಾಕಿ, ಶೇಂಗಾ ಎಣ್ಣೆಯಲ್ಲಿ ಥಾಲಿಪೀಠ ತಟ್ಟಿದರು. ಜೊತೆಗೆ ಸಾಬೂದಾಣಿ ಖಿಚಡಿ, ಶೇಂಗಾದ ಆಮಟಿ, ಮೊಸರು.

ಬಡಿಸುವಾಗ ಇಂಗ್ಲಿಷಿಗಾಗಿ ನನ್ನನ್ನು ಕರೆಯುವುದು ವಾಡಿಕೆ. ಇವತ್ತು ಅಡುಗೆಯವರಿಗೆ ಉಪವಾಸ, ಅದಕ್ಕೇ ಊಟ ಹೀಗಿದೆ ಎಂದು ಅರ್ಧ ನಾಚಿಕೆಯಿಂದ ವಿವರಿಸಿದೆ. ನಾಲ್ಕು ಬಗೆಯ ಪದಾರ್ಥ ನೋಡಿ ಒಬ್ಬ ನಕ್ಕ. ಇದು ಉಪವಾಸವಾದರೆ ಹಬ್ಬ ಹೇಗಿರಬೇಡ ಎಂದ. ಅವರಲ್ಲೆಲ್ಲ ಹಿರಿಯ, ಬೆಳ್ಳಿ ಹಲ್ಲಿನವನೊಬ್ಬನಿದ್ದ. ಅವನು ಥಾಲಿಪೀಠದ ತುಂಡು ಮುರಿದು ಬಾಯಿಗಿಡದೆ ಮೂಗಿನ ಹತ್ತಿರ ಹಿಡಿದ. ಹಾಗೇ ಕುಳಿತ. ಬಾಗಿಲ ಬಳಿ ನಿಂತಿದ್ದ ಕಾಕಾ ನನ್ನ ಕಡೆ ನೋಡಿದರು. ಕೆಟ್ಟಿದೆಯೇನೋ ಎಂಬ ಗಾಬರಿ ಅವರಿಗೆ. ಇದು ಯಾವ ಹಿಟ್ಟು ಎಂದು ಆತ ಕೇಳಿದ. ನನಗೆ ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಕಾಕಾ ಒಳಗೆ ಹೋಗಿ ಬೀಸಿಸದೆ ಉಳಿಸಿದ್ದ ಕಾಳನ್ನು ಬೊಗಸೆಯಲ್ಲಿ ತಂದರು. ಕಪ್ಪಗೆ, ಮೂರು ಮೂಲೆ ಇರುವ ಕಾಳು.

ಮುದುಕ ಎದ್ದು ನಿಂತು ಒಂದೇ ಕಾಳನ್ನು ಬೆರಳಿನಲ್ಲಿ ಹೊರಳಿಸಿದ. ಆಮೇಲೆ ಹರಕು ಇಂಗ್ಲಿಷಿನಲ್ಲಿ ಅವನು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಅವನ ಅಜ್ಜಿ ವಸಂತದ ದೊಡ್ಡ ಹಬ್ಬಕ್ಕೆ ಮುಂಚೆ ಏಳು ವಾರ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಏನೂ ಮುಟ್ಟುತ್ತಿರಲಿಲ್ಲ. ಸರಕಾರಕ್ಕೆ ದೇವರ ಹೆಸರು ಆಗದ ಕಾಲ. ನೆರೆಯವರು ಕೇಳಿದರೆ ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದಳು. ಆ ಏಳು ವಾರ ಅವಳ ಒಲೆಯ ಮೇಲೆ ಇದೇ ಕಾಳು. ಜೊತೆಗೆ ಹುರಿದ ಈರುಳ್ಳಿ, ಬಟಾಣಿ, ಉಪ್ಪಿನಲ್ಲಿ ಹುಳಿ ಬಂದ ಎಲೆಕೋಸು.

ಮರುದಿನ ಅವನು ಅಂಗಿಯ ತೋಳು ಮಡಚಿ ಅಡುಗೆಮನೆಗೇ ಬಂದ. ಕಾಳಿನ ಕಪ್ಪು ಸಿಪ್ಪೆ ಬಿಡಿಸಿ, ಒಣಗೆ ಹುರಿದು, ನೀರು ಹಾಕಿ ಅರಳಿಸುವುದನ್ನು ತೋರಿಸಿದ. ಕಾಕಾ ಆವಿಗೆ ಮೂಗೊಡ್ಡಿ, ಅಯ್ಯೋ ಇದು ನಮ್ಮ ಜೋಳದ ನುಚ್ಚಿನ ತಮ್ಮನೇ ಎಂದು ಮೊಸರು ತಂದಿಟ್ಟರು. ಉಳಿದ ಐವರನ್ನೂ ನನ್ನ ಮೂಲಕ ವಿಚಾರಣೆ ಮಾಡಿದರು: ನಿಮ್ಮ ಅಜ್ಜಿ ಮಾಂಸ ಇಲ್ಲದ ದಿನ ಏನು ಮಾಡುತ್ತಿದ್ದಳು? ಬೀಟ್‌ರೂಟ್ ಸಾರು ಬಂತು, ಆಲೂಗಡ್ಡೆ ತುಂಬಿದ ಕಡುಬು ಬಂತು. ಕಡುಬಿಗೆ ಕಾಕಾ ಹಸಿಮೆಣಸಿನಕಾಯಿ ಸೇರಿಸಿ ಅಜ್ಜಿಯನ್ನು ತಿದ್ದಿದರು. ತಟ್ಟೆಗಳು ಖಾಲಿ ಬರತೊಡಗಿದವು. ತಿಂಗಳ ಕೊನೆಯಲ್ಲಿ ಮ್ಯಾನೇಜರು ಹೋಟೆಲಿನ ಮಾತು ಎತ್ತಲೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಸಸ್ಯಾಹಾರದ ಜಯದ ಕಥೆಯಾಗುತ್ತದೆ. ಅದಕ್ಕೆ ನನ್ನ ಆಕ್ಷೇಪವಿದೆ. ಆರರಲ್ಲಿ ಇಬ್ಬರು ಭಾನುವಾರ ತಪ್ಪದೆ ಹೊರಗೆ ಹೋಗಿ ಕೋಳಿ ತಿಂದು ಬರುತ್ತಿದ್ದರು. ಅದು ಕಾಕಾಗೂ ಗೊತ್ತಿತ್ತು. ನಾನೂ ಕಾಲೇಜಿನಲ್ಲಿ ಕೋಳಿ ತಿನ್ನಲು ಶುರು ಮಾಡಿದ್ದೆ. ಮನೆಯವರಿಗೆ ಗೊತ್ತಿರಲಿಲ್ಲ, ಕಾಕಾನ ಮೂಗಿಗೆ ಗೊತ್ತಾಗಿತ್ತು. ಏನೂ ಅನ್ನದೆ, ಮನೆಗೆ ಹೋಗುವ ಮುಂಚೆ ಜಗಿ ಎಂದು ಅಂಗೈಗೆ ಎರಡು ಲವಂಗ ಹಾಕುತ್ತಿದ್ದರು.

ರಷ್ಯನ್ನರು ಹೊರಟ ವಾರದಲ್ಲೇ ಕಾಕಾ ತಾವಾಗಿ ಮ್ಯಾನೇಜರ ಬಳಿ ಹೋದರು. ಹಿತ್ತಿಲ ಶೆಡ್ಡಿನಲ್ಲಿ ಎರಡನೆಯ ಒಲೆ ಹಾಕಿಸಿ, ಮಾಂಸ ಬೇಕೆಂದವರಿಗೆ ಮಾಡಿಕೊಡಲು ತಿಳಿದವರನ್ನು ಇಡಿ ಎಂದರು. ಬಂದವಳು ನಾಗಪುರದ್ದೇ ಆದ ಸಾವಜಿ ಅಡುಗೆಯ ಹೆಂಗಸು, ಎಲ್ಲರೂ ಅವಳನ್ನು ಮರಾಠಿ ರೂಢಿಯಂತೆ ಬಾಯಿ ಎಂದೇ ಕರೆಯುತ್ತಿದ್ದರು; ಅವಳ ಮಟನ್ ರಸ್ಸಾದ ಖಾರಕ್ಕೆ ಗೇಟಿನ ಹೊರಗೆ ನಿಂತವರಿಗೂ ಕೆಮ್ಮು. ಗೆದ್ದ ಮೇಲೆ ಅರ್ಧ ರಾಜ್ಯ ಬಿಟ್ಟುಕೊಡುವವರುಂಟೇ ಎಂದು ಕಾಕಾನನ್ನು ಕೆಣಕಿದೆ.

"ಆ ಅಜ್ಜಿ ಏಳು ವಾರ ತಾನ ಬಿಟ್ಟಿದ್ಲು," ಎಂದರು. "ಬಿಡೂದು ನಮ್ಮ ಕೈಯಾಗ ಇದ್ರ ಉಪವಾಸ. ಇನ್ನೊಬ್ಬರು ಬಿಡಿಸಿದ್ರ ಅದು ಬರೇ ಹಸಿವು, ವಕೀಲವ್ವಾ."

ಚರ್ಚೆಯಲ್ಲಿ ನಾನು ಹಳೆಯ ಭಾಷಣದ ಕೊನೆಯ ಬಾಣ ತೆಗೆದು ಈ ಮಾತನ್ನು ಇಟ್ಟೆ. ಎರಡನೆಯ ಬಹುಮಾನ ಬಂತು. ತೀರ್ಪುಗಾರರೊಬ್ಬರು ನಿಮ್ಮ ಮುಕ್ತಾಯ ವಿಷಯಕ್ಕೆ ವಿರೋಧವೂ ಅಲ್ಲ, ಪರವೂ ಅಲ್ಲ ಎಂದರು. ನ್ಯಾಯವಾದ ಆಕ್ಷೇಪ.

ಕಾಕಾ ಅದೇ ಖೋಲಿಯಲ್ಲಿ ಇನ್ನೂ ಎಂಟು ವರ್ಷ ಇದ್ದರು. ಮುಂಜಾನೆ ಕೆಲಸ ಮುಗಿಸಿ ಅವರೂ ಬಾಯಿಯೂ ಎರಡು ಒಲೆಗಳ ನಡುವಿನ ಕಟ್ಟೆಯಲ್ಲಿ ಚಹಾ ಕುಡಿಯುತ್ತ, ಇವರು ಕನ್ನಡ ಬೆರೆತ ಮರಾಠಿಯಲ್ಲಿ, ಅವಳು ಅಪ್ಪಟ ನಾಗಪುರಿಯಲ್ಲಿ ಮಸಾಲೆಯ ಜಗಳ ಆಡುತ್ತಿದ್ದರು. ಅವಳು ಕಡಲೆಹಿಟ್ಟಿನ ಪಾಟವಡಿ ರಸ್ಸಾ ಮಾಡಿದ ದಿನ ಕಾಕಾ ಎರಡು ಬಟ್ಟಲು ಉಣ್ಣುತ್ತಿದ್ದರು, ಮೂಗು ಒರೆಸಿಕೊಳ್ಳುತ್ತ.

ಅವರು ಹೋದ ಸುದ್ದಿ ಬಂದಾಗ ನಾನು ಪುಣೆಯಲ್ಲಿ ಕೆಲಸದಲ್ಲಿದ್ದೆ. ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ಬಾಯಿಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ. ಗೆಸ್ಟ್ ಹೌಸಿನಲ್ಲಿ ಎಂಟು ಜನ ಇದ್ದಾರೆ, ಇವತ್ತೂ ಮಟನ್ ಮಾಡಿ ಬಡಿಸಿದೆ ಎಂದಳು. ತಾನು ಮಾತ್ರ ಹದಿಮೂರನೆಯ ದಿನದವರೆಗೆ ಅದನ್ನು ತಿನ್ನುವುದಿಲ್ಲವಂತೆ. ಹಾಗೆ ಮಾಡು ಎಂದು ಯಾರು ಹೇಳಿದರು ಎಂದು ವಾದದ ಹಳೆಯ ಅಭ್ಯಾಸದಿಂದ ಕೇಳಿದೆ. ಯಾರು ಹೇಳಬೇಕು ಎಂದಳು.

ಸೂತಕ, ತಿಥಿ ಇಂಥ ಯಾವುದನ್ನೂ ನಾನು ನಂಬುವುದಿಲ್ಲ, ಇವತ್ತಿಗೂ. ಇದು ಎಷ್ಟನೆಯ ದಿನ ಎಂದು ಅವಳನ್ನು ಕೇಳಿದೆ. ಮೂರನೆಯದು ಎಂದಳು. ಉಳಿದ ಹತ್ತು ದಿನ ನಾನೂ ಬಿಟ್ಟೆ.