ಗೆರೆ ಇಲ್ಲದ ಕಲ್ಲು

ನಮ್ಮ ಮನೆಗೆ ಬಂದವರು ಅಡುಗೆಮನೆ ನೋಡಿ ಮೊದಲು ಕೇಳೋದೇ ಇದು: "ಇಷ್ಟೆಲ್ಲಾ ಮಾಡ್ಸಿದ್ದೀಯ, ಸಿಂಕು ಯಾಕೆ ಇಡ್ಸಲಿಲ್ಲ?" ನಾನು ನಕ್ಕುಬಿಡ್ತೀನಿ. ಸಿಟ್ಟು ಬಂದ ದಿನ ಮಾತ್ರ, "ಪಾತ್ರೆ ತೊಳೆಯೋಳು ನಾನು, ನಿಮಗ್ಯಾಕೆ ಸೊಂಟ ನೋವು?" ಅಂದುಬಿಡ್ತೀನಿ. ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು.

ಆ ಅಡುಗೆಮನೆ ಕೆಲಸ ಶುರುವಾಗಿದ್ದೇ ಅಪ್ಪನ ಉಸಿರಿಗೋಸ್ಕರ. ಅಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯೊಳಗೆ ಬಂಡೆ ಕೊರೆಯೋ ಕೆಲಸ ಮಾಡಿದೋನು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಒಳಗಿನ ಧೂಳು ಎದೆ ಬಿಟ್ಟು ಹೋಗಿರಲಿಲ್ಲ. ನಾನೊಬ್ಬಳೇ ಮಗಳು. ಅಮ್ಮ ತೀರಿಕೊಂಡ ಮೇಲೆ ಅಲ್ಲೇ ಗಣಿಯವರ ಲೈನ್ ಮನೆಯಲ್ಲಿ ಕೆಮ್ಮುತ್ತಾ ಕೂತಿದ್ದವನನ್ನ ಬಯ್ದು, ಕಾಡಿ, ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಕರಕೊಂಡು ಬಂದೆ. ಹೊಗೆ ಆಗಲ್ಲ, ಧೂಳು ಆಗಲ್ಲ ಅಂದರು ಡಾಕ್ಟರು. ನಮ್ಮದೋ ಸೌದೆ ಒಲೆ. ನಮ್ಮ ಯಜಮಾನರು ಒಂದೇ ಮಾತಿಗೆ, "ಒಲೆ ಕಿತ್ತಾಕಣ. ಕಟ್ಟೆ ಕಟ್ಸಿ ಗ್ಯಾಸು ಇಡಣ" ಅಂದರು.

ಆದರೆ ಮಗಳ ಮನೆ ಅನ್ನ ಅಪ್ಪನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ಕೊಟ್ಟೋನು ಆ ಮನೆಗೆ ನೆಂಟನಾಗಿ ಬರಬೇಕು, ಠಿಕಾಣಿ ಹೂಡಬಾರದು. ಬಟ್ಟೆನ ಬೀರುವಿನಲ್ಲಿ ಇಡಪ್ಪಾ ಅಂದರೆ, "ಇರ್ಲಿ ಬುಡು, ಓಗಾದೇ ಅಲ್ವಾ" ಅನ್ನೋನು. ಒಂದು ನೆಪ ಸಿಕ್ಕರೆ ಹೊರಟುಬಿಡ್ತಾನೆ ಅನ್ನೋ ಭಯ ನನಗೆ ದಿನಾ ಇತ್ತು. ಆ ತೇವದ ಲೈನ್ ಮನೆಗೆ ಹೋದರೆ ಒಬ್ಬನೇ ಸಾಯ್ತಾನೆ ಅಂತಲೂ ಗೊತ್ತಿತ್ತು.

ಕಟ್ಟೆಗೆ ಕಲ್ಲು ಆರಿಸೋಕೆ ಬಂಗಾರಪೇಟೆಯ ಗ್ರಾನೈಟ್ ಅಂಗಡಿಗೆ ನಾನೂ ಅಪ್ಪನೂ ಹೋದೆವು. ನನಗೆ ಕರಿ ಗ್ರಾನೈಟಿನ ಆಸೆ. ಅವರಿವರ ಮನೆಯಲ್ಲಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯವನು ಒಂದು ಚಪ್ಪಡಿ ತೋರಿಸಿದ. ಮಿರಿಮಿರಿ ಮಿಂಚೋ ಕಪ್ಪು, ಅದರ ಉದ್ದಕ್ಕೂ ಹಾಲು ಚೆಲ್ಲಿದಂಗೆ ಬಿಳಿ ಗೆರೆ. "ಗೆರೆ ಇರೋ ಕಲ್ಲಿಗೇ ಅಕ್ಕಾ ಡಿಮ್ಯಾಂಡು. ಹುಣಸೆಹುಳಿ ಬಿದ್ರೂ ಕಲೆ ಆಗಲ್ಲ. ಕಡಪ ಕಲ್ಲು ತಗೊಂಡ್ರೆ ವರ್ಷಕ್ಕೇ ಮಂಕಾಗುತ್ತೆ" ಅಂದ. ನಾನು ಅದರ ಮೇಲೆ ಕೈಯಾಡಿಸಿ ಆಗಲೇ ಮನಸ್ಸು ಕೊಟ್ಟುಬಿಟ್ಟಿದ್ದೆ.

"ವೇಣಾಂ" ಅಂದ ಅಪ್ಪ ಹಿಂದಿನಿಂದ. ಬೇಡ ಅನ್ನೋದನ್ನ ಅವನು ತಮಿಳಿನಲ್ಲಿ ಹೇಳಿದರೆ ಅದು ಗಣಿಯ ಮಾತು, ಅದರ ಮೇಲೆ ಮಾತಿಲ್ಲ.

ನನಗೆ ರೇಗಿಹೋಯಿತು. ಕರಿ ಕಲ್ಲು ಸಮಾಧಿಗೆ ಹಾಕೋದು ಅಂತ ಅಪಶಕುನ ಹುಡುಕ್ತಿದ್ದಾನೆ ಅಂದುಕೊಂಡೆ. "ನಿನಗೋಸ್ಕರ ಅಲ್ವೇನಪ್ಪಾ ಇಷ್ಟೆಲ್ಲಾ? ಒಂದು ಆಸೆ ಪಟ್ರೆ ಅದಕ್ಕೂ ಕಲ್ಲು ಹಾಕ್ತೀಯಲ್ಲ!" ಅಂತ ಅಂಗಡಿಯವನ ಮುಂದೆಯೇ ಕೂಗಾಡಿದೆ.

ಅಪ್ಪ ಆ ಬಿಳಿ ಗೆರೆಯತ್ತ ಬೆರಳು ತೋರಿಸಿದ, ಮುಟ್ಟಲಿಲ್ಲ. "ಇದ್ನೇ ಕಣವ್ವಾ ಗಣಿಯೊಳ್ಗೆ ನಾವು ಇಡ್ಕಂಡು ಓಗ್ತಿದ್ದಿದ್ದು. ಗೆರೆ ಎಲ್ಲೈತೋ ಅಲ್ಲೇ ಚಿನ್ನ ಅಂತಿದ್ರು. ಚಿನ್ನ ಯಾರ್ಗೋ ಓಯ್ತು. ಗೆರೆ ಮಾತ್ರ ಪುಡಿಯಾಗಿ ಇಲ್ಲಿ ಕುಂತೈತೆ" ಅಂತ ಎದೆ ಮೇಲೆ ಕೈ ಇಟ್ಟ. ಅಷ್ಟು ಹೇಳೋದಕ್ಕೇ ಏದುಸಿರು ಬಂತು. ಸುಧಾರಿಸಿಕೊಂಡು, "ನಿಂಗಿಷ್ಟ ಆದ್ರೆ ತಗೋ. ಅದನ್ನ ಕುಯ್ಯಕೆ ಮುಂಚೆ ನಾನು ಊರ್ಗೋಯ್ತೀನಿ" ಅಂದ.

ಅವನು ಕಾಯ್ತಿದ್ದ ನೆಪವನ್ನ ನಾನೇ ಕೈಗೆ ಕೊಟ್ಟಿದ್ದೆ.

ಬೂದು ಬಣ್ಣದ ಕಡಪ ಕಲ್ಲು ತಗೊಂಡೆವು, ಒಂದು ಗೆರೆಯೂ ಇಲ್ಲದ್ದು. ಅಳತೆಗೆ ಅಂಗಡಿಯಲ್ಲೇ ಕೊಯ್ದು ತೊಳೆದು ಕಳಿಸಿ ಅಂದೆ. ಕೊಯ್ಯೋನ ಹತ್ತಿರ ಹೋಗಿ ಅಪ್ಪ, "ನೀರು ಬುಟ್ಕಂಡು ಕುಯ್ಯಪ್ಪಾ, ನಿಂಗೂ ಎದೆ ಐತೆ" ಅಂದು ಬಂದ.

ಕಲ್ಲು ಕೂರಿಸೋ ದಿನ ಗಾರೆ ಮೇಸ್ತ್ರಿ ತಕರಾರು ತೆಗೆದ. "ಸಿಂಕಿನ ತೂತು ಜಾಗ ನೋಡ್ಕಂಡು ಇಲ್ಲೇ ಕುಯ್ಯಬೇಕಮ್ಮಾ. ವಸಿ ಧೂಳಾಗುತ್ತೆ, ಆಮೇಲೆ ಗುಡಿಸಿದ್ರೆ ಆಯ್ತು" ಅಂತ ಮಷೀನು ಎತ್ತಿಕೊಂಡ. ಅಪ್ಪ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದ.

"ಸಿಂಕೂ ಬೇಡ, ತೂತೂ ಬೇಡ. ಇದ್ದಂಗೇ ಕೂರ್ಸು" ಅಂದೆ.

"ಪಾತ್ರೆ ಎಲ್ಲಿ ತೊಳೀತೀರಾ?"

"ಇಷ್ಟು ದಿನ ಬಚ್ಚಲಲ್ಲಿ ತೊಳೆದಿಲ್ವಾ? ನನ್ನ ಕೈಯೇನೂ ಸವೆದೋಗಲ್ಲ."

ಮೇಸ್ತ್ರಿ ನಮ್ಮ ಯಜಮಾನರ ಮುಖ ನೋಡಿದ. "ಅವಳು ಹೇಳಿದ ಮೇಲೆ ಮುಗೀತು ಬಿಡು" ಅಂದರು ಅವರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಅಂಗಡಿಯವನು ಹೇಳಿದಂಗೆ ಕಲ್ಲು ಮಂಕಾಯಿತು. ಹುಳಿ ಬಿದ್ದ ಕಡೆಯೆಲ್ಲ ಮಚ್ಚೆ. ಸಂಜೆ ಹೊತ್ತು ಅಪ್ಪ ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಆ ಮಚ್ಚೆಗಳನ್ನ ಉಜ್ಜೋನು, ಸುಸ್ತಾದರೆ ಕಟ್ಟೆಗೆ ಮೊಣಕೈ ಊರಿ ನಿಂತು ಉಸಿರು ಹಿಡಿಯೋನು.

ಚಳಿ ಶುರುವಾದ ಮೇಲೆ ಅವನ ಉಸಿರು ಇನ್ನೂ ಚಿಕ್ಕದಾಯಿತು. ಒಂದು ಬೆಳಗ್ಗೆ ನಾನು ಮುದ್ದೆಗೆ ಎಸರಿಡ್ತಿದ್ದೆ. ಅಪ್ಪ ಬಂದು ಕಟ್ಟೆಗೆ ಮೊಣಕೈ ಊರಿ ನಿಂತ. "ನನ್ನ ರೀಫ್ಸಿಗೆ ಬುಟ್ಬುಡವ್ವಾ. ಮಗಳ ಮನೇಲಿ ಎಣ ಬಿದ್ರೆ ಅಳಿಯಂಗೆ ಕೆಟ್ಟೆಸರು" ಅಂದ.

ಬಯ್ಯೋಕೆ ಬಾಯಿ ತೆಗೆದೆ, ಅಳು ಬಂತು. ಮದುವೆಯಾದ ಮೇಲೆ ಅವನ ಮುಂದೆ ಹಾಗೆ ಅತ್ತೇ ಇರಲಿಲ್ಲ. ಅಪ್ಪ ಗಾಬರಿಯಾಗಿ ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಅಂಗಾರೆ ಇಲ್ಲೇ ಇದ್ಬುಡ್ಲಾ?"

"ಇರಪ್ಪಾ" ಅಂದೆ.

ಇದ್ದ. ಸಂಕ್ರಾಂತಿಗೆ ಮುಂಚೆ ನಮ್ಮ ಮನೆಯಿಂದಲೇ ಹೊರಟ. ಬೆಂಕಿ ಮಡಕೆ ಹಿಡಿದು ಮುಂದೆ ನಡೆದವರು ನಮ್ಮ ಯಜಮಾನರು.