ಸುಗುಣಾ ಬಾರದ ನಲವತ್ತೇಳು ದಿನ

ನಮ್ಮ ವಿಮಾ ಕಂಪನಿಯ ದಾಖಲೆ ಜನವರಿಯಲ್ಲಿ ಹೇಳಿದ್ದನ್ನು ನಂಬುವುದಾದರೆ, ಟೆಲಿಫೋನ್ ಆಪರೇಟರ್ ಸುಗುಣಾ ಕಳೆದ ವರ್ಷ ನಲವತ್ತೇಳು ದಿನ ಕೆಲಸಕ್ಕೆ ಬರಲೇ ಇಲ್ಲ. ಆ ನಲವತ್ತೇಳು ದಿನವೂ ಈ ತಮಿಳು ಊರಿನ ಪ್ಯಾರಿಸ್ ಪೇಟೆಯ ನಮ್ಮ ಆಫೀಸಿನ ಎರಡನೇ ಮಹಡಿಯಲ್ಲಿ ಕೂತು ಫೋನ್ ಎತ್ತಿ ‘ವಣಕ್ಕಂ’ ಅಂದವರು ಯಾರು ಅಂತ ದಾಖಲೆ ಹೇಳಲಿಲ್ಲ. ನಾನು ಹೇಳುತ್ತೇನೆ. ಕ್ಲೇಮು ವಿಭಾಗದ ಗುಮಾಸ್ತ ನಾನು, ಅವಳ ಎದುರು ಮೇಜಿನವನು.

ಸುಗುಣಾಳಿಗೆ ಹುಟ್ಟಿನಿಂದ ಕಣ್ಣು ಕಾಣದು. ತಂದೆ ಕಿಟ್ಟಣ್ಣ ಕುಂದಾಪುರದ ಕಡೆಯವರು. ಪಲ್ಲಾವರಂನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತು ಮಗಳನ್ನು ಓದಿಸಿದರು. ಹದಿನಾರು ವರ್ಷದಿಂದ ಅವಳು ಲೋಕಲ್ ರೈಲಿನಲ್ಲಿ ಬೀಚ್ ಸ್ಟೇಷನ್ನಿಗೆ ಬಂದು, ಕೋಲು ಹಿಡಿದು ಆಫೀಸು ಸೇರುತ್ತಾಳೆ. ಇನ್ನೂರು ಚಿಲ್ಲರೆ ಎಕ್ಸ್‌ಟೆನ್ಷನ್ ನಂಬರು ಬಾಯಿಪಾಠ. ಪರದೆಯ ಮೇಲಿರುವುದನ್ನು ಅವಳ ಮೊಬೈಲು ಗಟ್ಟಿಯಾಗಿ ಓದಿ ಹೇಳುತ್ತದೆ. ರೈಲಿನ ಪಾಸು, ಕರೆಂಟ್ ಬಿಲ್ಲು, ಅಪ್ಪನ ಔಷಧಿ, ಎಲ್ಲ ಅದರಲ್ಲೇ. ನಾನಿನ್ನೂ ಒಂದು ಬೆರಳಲ್ಲಿ ಕುಟ್ಟುವವನು.

ಹೀಗಿರುವಾಗ ಕೌಶಿಕ್ ಬಂದರು, ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿ. ಕನ್ನಡದ ಮನೆಯವರೇ, ಬಾಯಿ ತೆರೆದರೆ ಅರ್ಧ ತಮಿಳು, ಮಿಕ್ಕಿದ್ದು ಗಾಳಿ. ಹಾಜರಿ ಪುಸ್ತಕ ಎತ್ತಿಸಿ ಒಂದು ಆ್ಯಪ್ ತಂದರು. ದಿನಾ ಬೆಳಿಗ್ಗೆ ಅದು ಒಂಬತ್ತು ಚಿತ್ರ ತೋರಿಸಿ, ಟ್ರಾಫಿಕ್ ಸಿಗ್ನಲ್ ಇರುವುದನ್ನು ಆರಿಸಿ ನೀನು ಮನುಷ್ಯನೆಂದು ರುಜುವಾತು ಮಾಡು ಅನ್ನುತ್ತಿತ್ತು. ಸುಗುಣಾಳ ಮೊಬೈಲು ‘ಚಿತ್ರ, ಚಿತ್ರ, ಚಿತ್ರ’ ಅಂತ ಒಂಬತ್ತು ಸಲ ಹೇಳಿ ಸುಮ್ಮನಾಗುತ್ತಿತ್ತು. ಹದಿನಾರು ವರ್ಷ ದುಡಿದ ಹೆಣ್ಣುಮಗಳು ಮನುಷ್ಯಳೋ ಅಲ್ಲವೋ ಅಂತ ಈ ಮಹಾನುಭಾವರಿಗೆ ಅನುಮಾನ!

ಅವಳು ಹೋಗಿ ಹೇಳಿದಳು.

"ಪಕ್ಕದ ಸೀಟ್‌ನವರ ಹತ್ರ ಕೊಟ್ಟು ಅಮುಕ್ಕಿಸ್ಬಿಡಿ ಮೇಡಂ. ಅವ್ಳೋದಾನ್, ಅಷ್ಟೇ," ಅಂದರು ಕೌಶಿಕ್.

"ಪಾಸ್‌ವರ್ಡ್ ಬೇರೆಯವರಿಗೆ ಕೊಟ್ರೆ ಶಿಸ್ತುಕ್ರಮ ಅಂತ ನೀವೇ ಸರ್ಕ್ಯುಲರ್ ಕಳ್ಸಿದ್ದೀರಲ್ಲ ಸರ್? ಕೊಡ್ಬಹುದು ಅಂತ ಬರ್ದು ಕೊಡಿ, ಕೊಡ್ತೇನೆ."

ಬರೆದು ಕೊಡಲಿಲ್ಲ. ಬರೆಯುವುದಕ್ಕೆ ಬೆನ್ನುಮೂಳೆ ಬೇಕು. ಅವಳು ಕಳಿಸಿದ ಹನ್ನೊಂದು ಮನವಿಯೂ ಕೋಣನ ಮುಂದೆ ಕಿನ್ನರಿ. ಇದೇ ಕೌಶಿಕ್ ಡಿಸೆಂಬರಿನಲ್ಲಿ ಅಂಗವಿಕಲರ ದಿನ ಅಂತ ಅವಳ ಕೈಗೊಂದು ಗುಲಾಬಿ ಕೊಟ್ಟು, ಎಲ್ಲರನ್ನೂ ಒಳಗೊಳ್ಳಬೇಕು ಅಂತ ಇಪ್ಪತ್ತು ನಿಮಿಷ ಕೊರೆದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಾವೆಲ್ಲ ಚಪ್ಪಾಳೆ ತಟ್ಟಿ ಕೇಕು ತಿಂದೆವು. ನಾನೂ ತಿಂದೆ, ಅದಕ್ಕೆ ನನಗೆ ನನ್ನ ಮೇಲೂ ಹೇಸಿಗೆ.

ಜನವರಿಯಲ್ಲಿ ಅವಳಿಗೆ ನೋಟಿಸು ಬಂತು. ಅದನ್ನೂ ಫೋಟೋ ತೆಗೆದು ಕಳಿಸಿದ್ದರು. ಮೊಬೈಲು ಮತ್ತೆ ‘ಚಿತ್ರ’ ಅಂದಿತು. ಓದಿ ಹೇಳುವ ಕರ್ಮ ನನ್ನದಾಯಿತು. ನಲವತ್ತೇಳು ದಿನ ಅನಧಿಕೃತ ಗೈರು, ಆ್ಯಪ್‌ನ ದಾಖಲೆಯೇ ಅಂತಿಮ, ಮೂರು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ವಜಾ.

"ಇನ್ನೊಂದ್ಸಲ ಓದಿ ಮಾರಾಯ್ರೆ," ಅಂದಳು. ಓದಿದೆ. ಮನೆಯಲ್ಲಿ ಈಗ ದುಡಿಯುವವಳು ಅವಳೊಬ್ಬಳೇ.

ಮರುದಿನ ಎಂದಿನಂತೆ ಒಂಬತ್ತೂಮುಕ್ಕಾಲಿಗೆ ಬಂದು ಕೂತಳು. ಹತ್ತು ಗಂಟೆಗೆ ಫೋನ್ ಬಡಿದುಕೊಳ್ಳತೊಡಗಿತು. ಎತ್ತಲಿಲ್ಲ. ಕೈಕಟ್ಟಿ ಕೂತೇ ಇದ್ದಳು. ಹನ್ನೊಂದೂವರೆಯ ಹೊತ್ತಿಗೆ ಎರಡೂ ಮಹಡಿಯಲ್ಲಿ ಕೂಗಾಟ. ಕೌಶಿಕ್ ಏದುಸಿರು ಬಿಡುತ್ತಾ ಓಡಿ ಬಂದರು.

"ಎನ್ನ ಮೇಡಂ ಇದು? ಮುಂಬೈ ಎಂ.ಡಿ. ಒಂದು ಗಂಟೆಯಿಂದ ಟ್ರೈ ಮಾಡ್ತಿದ್ದಾರೆ! ಫೋನ್ ಯಾಕೆ ಎತ್ತಲ್ಲ?"

"ನಾನು ಇವತ್ತು ಬರ್ಲಿಲ್ಲ ಸರ್."

"ಎದುರಿಗೆ ಕೂತ್ಕೊಂಡು ಬರ್ಲಿಲ್ಲ ಅಂತೀರಾ?"

"ಆ್ಯಪ್‌ನಲ್ಲಿ ನೋಡಿ ಸರ್. ಅದೇ ಅಂತಿಮ ಅಂತ ಬರ್ದದ್ದು ನೀವೇ ಅಲ್ವಾ? ನಲವತ್ತೇಳು ದಿನ ನಾನಿಲ್ಲದೆ ನಡೀತಲ್ಲ, ಇವತ್ತೂ ನಡೀತದೆ."

ಕೌಶಿಕ್ ಕಂಪ್ಯೂಟರ್ ವಿಭಾಗದ ನಿಖಿತಾಳನ್ನು ಕರೆಸಿದರು. ಚಿತ್ರದ ಬದಲು ಮೊಬೈಲಿಗೆ ನಂಬರು ಕಳಿಸುವ ಅನುಕೂಲ ಮೊದಲಿನಿಂದಲೂ ಆ್ಯಪ್‌ನಲ್ಲಿತ್ತು, ಯಾರೂ ಆನ್ ಮಾಡಿರಲಿಲ್ಲ, ಅಷ್ಟೇ. ಹತ್ತು ನಿಮಿಷದ ಕೆಲಸ. ಅದರಲ್ಲಿ ಆರು ನಿಮಿಷ ಕೌಶಿಕ್ ತಮ್ಮ ಪಾಸ್‌ವರ್ಡ್ ನೆನಪಿಸಿಕೊಳ್ಳಲು ಹೋಯಿತು.

ಹನ್ನೆರಡೂ ಹತ್ತಕ್ಕೆ ಮೊಬೈಲು ‘ಹಾಜರಿ ದಾಖಲಾಗಿದೆ’ ಅಂದಿತು. ಸುಗುಣಾ ಫೋನ್ ಎತ್ತಿದಳು.

ಸಂಜೆ ಕೌಶಿಕ್ ನೋಟಿಸು ವಾಪಸು ಪಡೆದು, ನಲವತ್ತೇಳು ದಿನವನ್ನೂ ತಮ್ಮ ಕೈಯಾರೆ ತಿದ್ದಿದರು. ದೊಡ್ಡ ಮನಸ್ಸು ಮಾಡಿದವರ ಗತ್ತಿನಲ್ಲಿ ಅವಳ ಮೇಜಿಗೆ ಬಂದು, "ಇವತ್ತು ಬೆಳಿಗ್ಗೆದು ಅರ್ಧ ದಿನ ಆಬ್ಸೆಂಟ್ ಬಿದ್ದಿದೆ. ಅದನ್ನೂ ಸರಿ ಮಾಡ್ಬಿಡ್ತೀನಿ ಮೇಡಂ," ಅಂದರು.

"ಅದು ಬೇಡ ಸರ್," ಅಂದಳು ಸುಗುಣಾ. "ನಿಮ್ಮ ದಾಖಲೆಯ ಆಬ್ಸೆಂಟುಗಳಲ್ಲಿ ನಿಜ ಇರೋದು ಅದೊಂದೇ."